ಬಾದಶಾನ ಸನ್ನಡತೆ ಪರೀಕ್ಷೆ

ಬಾದಶಾ ವಡಾಲದಲ್ಲಿ ಅಕ್ಕಜ್ಜಿಯ ನಾಲ್ಕನೇ ಮಾಳಿಗೆಯ ಮನೆಗೆ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಅಕ್ಕಜ್ಜಿ ಕಾವಲಿಗೆ ಹೊಯ್ದ ಮೊದಲ ನೀರುದೋಸೆ ಎಂದಿನಂತೆ ಹರಿದು ಮುದ್ದೆಯಾದ ಗಳಿಗೆ ಅದು. ಮೊಮ್ಮಗಳು ಯಕ್ಷಿತಾ ಸಾಂತಾಕ್ರೂಜಿನ ಗೆಳತಿಯ ಮನೆಯಿಂದ ಕರೆತಂದ ರಾಟ್‌ವೀಲರ್ ನಾಯಿ ಬಾಗಿಲು ತುಂಬ ನಿಂತಿತ್ತು.

"ಇದೆಂತ ಮಾರಾಯ್ತಿ, ನಾಯಿಯಾ, ಎಮ್ಮೆಕರುವಾ?"

"ಅಜ್ಜೀ, ಬಹುತ್ ಶಾಂತ ಉಂಟು. ಪ್ರಾಮಿಸ್."

ಅಕ್ಕಜ್ಜಿ ಹರಿದ ದೋಸೆಯನ್ನು ಮುಂದಿಟ್ಟರು. ಬಾದಶಾ ಅದನ್ನು ಪ್ರಸಾದದಂತೆ ತುಟಿಯಂಚಿನಲ್ಲಿ ಸ್ವೀಕರಿಸಿ, ಅವರ ಪಾದದ ಮೇಲೆ ತಲೆಯಿಟ್ಟು ಮಲಗಿತು. ಗಂಡ ಹೋದ ಹನ್ನೊಂದು ವರ್ಷಗಳಲ್ಲಿ ಅವರ ದೋಸೆಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. (ಗಂಡ ಇದ್ದಾಗಲೂ ಅಷ್ಟಕ್ಕಷ್ಟೇ.)

ಎಂಟು ತಿಂಗಳು ಸುಖವಾಗಿತ್ತು. ಆಮೇಲೆ ಯಾವ ಯಾವ ತಳಿಯ ನಾಯಿಗಳನ್ನು ನಿಷೇಧಿಸಬೇಕು ಎಂದು ಟೀವಿಯಲ್ಲಿ ಜಗಳ ಶುರುವಾಯಿತು. ಟೀವಿಯ ಜಗಳ ಲಿಫ್ಟ್ ಹತ್ತಿಳಿದು ಸೊಸೈಟಿಯ ಮೀಟಿಂಗಿಗೂ ಬಂತು. ಸೆಕ್ರೆಟರಿ ಗುರುಬಸವ, ಧಾರವಾಡದ ಕಡೆಯವರು, ಕಾಗದ ಹಿಡಿದು ಎದ್ದು ನಿಂತರು.

"ನೋಡ್ರಿ ಅಜ್ಜಿ, ಒಬ್ಬರು ಬ್ಯಾನ್ ಅಂತಾರ, ಇನ್ನೊಬ್ಬರು ಕೋರ್ಟಿನ್ಯಾಗ ತಡೀರಿ ಅಂತಾರ. ಅವರ ತಕರಾರು ಮುಗಿಯೂತನಕ ನಮ್ಮ ಕಾಲಿನ ಗತಿ ಏನ್ರಿ? ನಿಮ್ಮ ನಾಯಿ ಲಿಸ್ಟಿನ್ಯಾಗ ಐತಿ. ಹೊರಗ ಕಳಸ್ರಿ."

ಅಕ್ಕಜ್ಜಿಗೆ ಓದು ಕಷ್ಟ. ಅಕ್ಕು ಎಂಬ ತಮ್ಮ ಹೆಸರಿನ ಎರಡಕ್ಷರ ಬರೆಯಲು ಎರಡು ನಿಮಿಷ ಬೇಕು. ಆದರೆ ನೆನಪು ಬ್ಯಾಂಕಿನ ಲಾಕರ್, ಇಟ್ಟದ್ದು ಅಲ್ಲಾಡುವುದಿಲ್ಲ.

"ಸೆಕ್ರೆಟರಿಗಳೇ, ನಿಮ್ಮ ಕಾಲಿನದ್ದೇ ಹೇಳ್ತೇನೆ. ಹೋದ ಚೌತಿಯ ಮರುದಿನ, ಸಂಜೆ ಐದೂವರೆ, ಲಿಫ್ಟಿನ ಹತ್ರ, ಎಡಗಾಲು. ಕಚ್ಚಿದ್ದು ಎರಡನೇ ಮಾಳಿಗೆಯ ಬಿಳಿ ಪೊಮೆರೇನಿಯನ್. ಅದು ನಿಮ್ಮ ಲಿಸ್ಟಲ್ಲಿ ಉಂಟಾ?"

ಸೆಕ್ರೆಟರಿ ಎಡಗಾಲನ್ನು ಬಲಗಾಲಿನ ಹಿಂದೆ ಮರೆಮಾಡಿದರು.

"ಹಾಗಾದ್ರೆ ತಳಿ ಬಿಡಿ, ನಡತೆ ನೋಡಿ. ಗುರ್ ಅಂದವರಿಗೆ ಶಿಕ್ಷೆ. ಆಯ್ತಾ?"

ಸಭೆ ಚಪ್ಪಾಳೆ ತಟ್ಟಿತು. ಮೂರು ವಾರ ಬಿಟ್ಟು ಭಾನುವಾರ ಪರೀಕ್ಷೆ; ಬಾದಶಾ ಒಮ್ಮೆ ಗುರ್ ಎಂದರೂ ಅಂದೇ ಸಂಜೆ ಬಿಲ್ಡಿಂಗ್ ಬಿಡಬೇಕೆಂದು ತೀರ್ಮಾನವಾಯಿತು. ಅಕ್ಕಜ್ಜಿ ಎರಡು ನಿಮಿಷ ತೆಗೆದುಕೊಂಡು ಸಹಿ ಹಾಕಿದರು.

ತರಬೇತಿ ಮರುದಿನವೇ ಆರಂಭವಾಯಿತು. ಯಕ್ಷಿತಾ ತಂದ ಬಾಯಿಕುಕ್ಕೆಯನ್ನು ಅಕ್ಕಜ್ಜಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು. ಕುಕ್ಕರ್ ಸೀಟಿ ಹೊಡೆದಾಗ ಬಾದಶಾ ಗುರ್ ಎಂದಿತೋ, ಬೈಗುಳವಿಲ್ಲ, ಪೆಟ್ಟಿಲ್ಲ. ಸುಮ್ಮನೆ ಕುಕ್ಕೆ ತಂದು ಹತ್ತು ನಿಮಿಷ ಅದರ ಬಾಯಿಗೆ ಕಟ್ಟುವುದು. ಎರಡನೇ ವಾರದಲ್ಲಿ ಗುರ್ ಎಂದೊಡನೆ ಬಾದಶಾ ತಾನೇ ಹೋಗಿ ಕುಕ್ಕೆ ಕಚ್ಚಿ ತರತೊಡಗಿತು. ಮೂರನೇ ವಾರ ಗುರ್ ಎನ್ನುವುದನ್ನೇ ಬಿಟ್ಟಿತು. ಒಂದು ದಿನ ಯಕ್ಷಿತಾ ಫೋನಿನಲ್ಲಿ ಯಾರ ಮೇಲೋ ಹರಿಹಾಯುತ್ತಿದ್ದಾಗ ಕುಕ್ಕೆ ತಂದು ಅವಳ ತೊಡೆಯ ಮೇಲಿಟ್ಟಿತು.

"ನೋಡು, ಕಾನೂನು ಅಂದ್ರೆ ಎಲ್ಲರಿಗೂ ಒಂದೇ ಅಂತ ಅದಕ್ಕೆ ಗೊತ್ತಾಯ್ತು," ಎಂದು ಅಕ್ಕಜ್ಜಿ ಹೊಟ್ಟೆ ಹಿಡಿದು ನಕ್ಕರು.

ಭಾನುವಾರ ಸೆಕ್ರೆಟರಿ ಕಾಗದ, ಪೆನ್ನು, ಒಂದು ಕೊಡೆ (ಆತ್ಮರಕ್ಷಣೆಗೆ) ಸಮೇತ ಬಂದರು. ಬೆಲ್ ಒತ್ತಿಸಿದರು. ಬಾದಶಾ ಆಕಳಿಸಿತು. ಮೂಗಿನೆದುರು ಕೊಡೆಯನ್ನು ಫಟ್ಟನೆ ಬಿಚ್ಚಿದರು. ಕಣ್ಣು ಮಿಟುಕಿಸಿತು. ಕೊನೆಗೆ ದೋಸೆಯ ತಟ್ಟೆಯನ್ನು ಮುಂದಿಟ್ಟು, ತಿನ್ನಲು ಬಾಯಿ ಹಾಕುವಷ್ಟರಲ್ಲಿ ಹಿಂದಕ್ಕೆಳೆದರು. ಬಾದಶಾ ಒಂದು ನಿಟ್ಟುಸಿರು ಬಿಟ್ಟಿತು, ಅಷ್ಟೇ.

"ಪಾಸ್ ಬಿಡ್ರಿ!" ಸೆಕ್ರೆಟರಿ ಕಾಗದದ ಮೇಲೆ ಬರೆದೂ ಬಿಟ್ಟರು.

ಅಕ್ಕಜ್ಜಿಯ ಎದೆ ಎರಡಂಗುಲ ಉಬ್ಬಿತು. ಗೆದ್ದ ಖುಷಿಗೆ ಬಿಸಿಬಿಸಿ ನೀರುದೋಸೆ ಹೊಯ್ದು, ನಾಲ್ಕು ಮಡಿಕೆ ಮಾಡಿ, ಕಾಯಿ ಚಟ್ನಿಯೊಡನೆ ಸೆಕ್ರೆಟರಿಯ ಮುಂದಿಟ್ಟರು. ಅವರು ಒಂದು ತುತ್ತು ಬಾಯಿಗಿಟ್ಟು, ಅಗಿದು, ನಿಂತು, ಮತ್ತೆ ಅಗಿದರು.

"ಏನ್ರಿ ಅಜ್ಜಿ ಇದು! ಉಪ್ಪಿಲ್ಲ, ಖಾರಿಲ್ಲ. ಒದ್ದಿ ಕರ್ಚೀಫ್ ತಿಂದಂಗ ಆತಲ್ರಿ!"

ಎಪ್ಪತ್ತನಾಲ್ಕು ವರ್ಷ ಕಾಪಾಡಿಕೊಂಡು ಬಂದ ತಾಳ್ಮೆ ಒಂದು ಕ್ಷಣದಲ್ಲಿ ಹೋಯಿತು. ಅಕ್ಕಜ್ಜಿ ಸಟ್ಟುಗ ಎತ್ತಿ ಹಿಡಿದರು. ಅವರ ಬಾಯಿಂದ ಬಂದದ್ದು ಕನ್ನಡವಲ್ಲ, ತುಳುವೂ ಅಲ್ಲ; ಹೊಟ್ಟೆಯಾಳದಿಂದ ಎದ್ದು, ಹಲ್ಲುಸೆಟ್ಟನ್ನು ನಡುಗಿಸಿಕೊಂಡು ಹೊರಬಿದ್ದ ಒಂದು ದೀರ್ಘ ಸದ್ದು.

ಸೆಕ್ರೆಟರಿ ತಟ್ಟೆ ಸಮೇತ ಸೋಫಾದ ಮೇಲೆ ಹತ್ತಿ ನಿಂತು, ಎಡಗಾಲನ್ನು ಮೊದಲು ಮೇಲಕ್ಕೆಳೆದುಕೊಂಡರು.

"ಅಜ್ಜೀ," ಯಕ್ಷಿತಾ ಮೆಲ್ಲಗೆ ಹೇಳಿದಳು, "ಗುರ್ ತೋ ನೀನೇ ಅಂದದ್ದು."

ಅಕ್ಕಜ್ಜಿ ಧೊಪ್ಪನೆ ಕುರ್ಚಿಯಲ್ಲಿ ಕುಳಿತರು. ಬಾದಶಾ ಎದ್ದಿತು. ಯಾವ ಅವಸರವೂ ಇಲ್ಲದೆ ಬಾಗಿಲ ಹಿಂದಕ್ಕೆ ಹೋಯಿತು. ಮೊಳೆಯಿಂದ ಕುಕ್ಕೆಯನ್ನು ಬಿಡಿಸಿ ತಂದು, ಅವರ ತೊಡೆಯ ಮೇಲೆ ಮರ್ಯಾದೆಯಿಂದ ಇಟ್ಟು, ತಲೆ ಓರೆಮಾಡಿ ಮುಖವನ್ನೇ ನೋಡಿತು. ಅದು ಕೇಳಿದ್ದು ಅಲ್ಲಿದ್ದ ಮೂವರಿಗೂ ಸ್ಪಷ್ಟವಾಗಿ ಅರ್ಥವಾಯಿತು:

ನೀವೇ ಹಾಕಿಕೊಳ್ಳುತ್ತೀರಾ ಅಜ್ಜಿ, ಇಲ್ಲಾ ನಾನೇ ಕಟ್ಟಲಾ?