ಬಲಗೈ ಹೆಬ್ಬೆಟ್ಟಿನ ಮೊಕದ್ದಮೆ

ನಮ್ಮ ಸೋದರಮಾವ ಯಾರನ್ನು ಕಂಡರೂ ನಮಸ್ಕಾರ ಮಾಡುವುದಿಲ್ಲ; ಕೆರೆಯುತ್ತಾರೆ! ತಮ್ಮ ಮೈಯನ್ನಲ್ಲ ಸ್ವಾಮಿ, ಎದುರಿಗೆ ಸಿಕ್ಕವರ ಮೈಯನ್ನು. ನೀವು "ಚೆನ್ನಾಗಿದ್ದೀರಾ?" ಎಂದು ಕೇಳಿ ಮುಗಿಸುವುದರೊಳಗೆ ನಿಮ್ಮ ಮುಂಗೈ ಅವರ ಕೈಯಲ್ಲಿರುತ್ತದೆ, ಅವರ ತೋರುಬೆರಳಿನ ಉಗುರು ಅದರ ಮೇಲೆ ಒಂದು ಗೆರೆ ಎಳೆದಾಗಿರುತ್ತದೆ. ಗೆರೆ ಬೆಳ್ಳಗೆ ಎದ್ದು ಕಂಡರೆ ಮಾವನ ಮುಖ ಅರಳುತ್ತದೆ. "ಒಣಚರ್ಮ! ಯಾವ ಸೋಪು? ಎಷ್ಟು ಬಿಸಿ ನೀರು?" ಗೆರೆ ಕಾಣದಿದ್ದರೆ ನಿಮ್ಮ ಮೇಲಿನ ಆಸಕ್ತಿ ಅಲ್ಲಿಗೆ ಮುಗಿಯಿತು. ನೀವು ಕಲೆಕ್ಟರೇ ಆಗಿರಿ, ಅವರಿಗೆ ನಿಮ್ಮಿಂದ ಉಪಯೋಗವಿಲ್ಲ.

ಡೆಂಕಣಿಕೋಟೆಯಲ್ಲೊಂದು ಮದುವೆಗೆ ಹೋಗಿದ್ದೆವು. ಗಂಡಿನ ಕಡೆ ಕನ್ನಡ, ಹೆಣ್ಣಿನ ಕಡೆ ತೆಲುಗು, ಅಡುಗೆಯವರು ತಮಿಳು. ಮಾವ ವೇದಿಕೆ ಹತ್ತಿ ಅಕ್ಷತೆ ಹಾಕಿ, ಮದುಮಗನ ಮುಂಗೈ ಮೇಲೆ ಒಂದು ಗೆರೆ ಎಳೆದು, ಗಂಭೀರವಾಗಿ ತಲೆಯಾಡಿಸಿ ಇಳಿದರು. ಹಿಂದೆ ನಿಂತಿದ್ದ ಹೆಣ್ಣಿನ ದೊಡ್ಡಪ್ಪ, ಇದು ಗಂಡಿನವರ ಶಾಸ್ತ್ರವಿರಬೇಕೆಂದು ತಾವೂ ಒಂದು ಗೆರೆ ಎಳೆದರು. ಅದನ್ನು ಕಂಡ ಗಂಡಿನವರು, ಓಹೋ, ಇದು ಹೆಣ್ಣಿನವರ ಶಾಸ್ತ್ರ, ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಸಾಲಾಗಿ ಬಂದು ಕೆರೆದರು. ಊಟಕ್ಕೆ ಕೂರುವ ಹೊತ್ತಿಗೆ ಮದುಮಗನ ಕೈ ಉತ್ತ ಹೊಲದ ಹಾಗಿತ್ತು!

ಹೀಗೆಂದು ನನ್ನ ನೆನಪು. ಕೆರೆದದ್ದು ಇಬ್ಬರೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವನು, ಪುರಾವೆಯಿಲ್ಲದೆ ಯಾವುದನ್ನೂ ನಂಬದವನು. ಈಚೆಗೆ ಆ ಅಪನಂಬಿಕೆ ನನ್ನ ನೆನಪಿನ ಮೇಲೇ ತಿರುಗಿಬಿದ್ದಿದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಎಲ್ಲಾದರೂ ಉತ್ಪ್ರೇಕ್ಷೆ ಕಂಡರೆ ನನ್ನ ಮಿದುಳನ್ನು ಕೇಳಿ, ನನ್ನನ್ನಲ್ಲ.

ಮಾವ ಕೃಷ್ಣಗಿರಿಯ ಕೋರ್ಟೊಂದರಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವರು. ಮದುವೆ ಮಾಡಿಕೊಳ್ಳಲಿಲ್ಲ. ನಿವೃತ್ತರಾದ ಮೇಲೆ ಹೊಸೂರಿಗೆ ಬಂದು ನಮ್ಮ ಮನೆಯ ಹಿಂದಿನ ಕೋಣೆ ಸೇರಿದರು. ರೇಷನ್ ಕಾರ್ಡು ಬೇರೆ, ಒಲೆ ಒಂದೇ. ಇಂಥವರಿಗೆ ಚರ್ಮದ ಹುಚ್ಚು ಹಿಡಿದದ್ದು ಹೇಗೆ? ಅದಕ್ಕೆ ಕಾರಣ ನಮ್ಮಮ್ಮನ ಹೆಬ್ಬೆಟ್ಟು.

ಹೋದ ವರ್ಷದ ಸಂಕ್ರಾಂತಿ. ಮನೆಯೊಳಗೆ ಸಂಕ್ರಾಂತಿ, ರೇಷನ್ ಅಂಗಡಿಯಲ್ಲಿ ಪೊಂಗಲ್. ಅಲ್ಲಿ ಹಬ್ಬಕ್ಕೆಂದು ಅಕ್ಕಿ, ಸಕ್ಕರೆ, ಆಳೆತ್ತರದ ಕಬ್ಬು ಕೊಡುತ್ತಾರೆ. ಅದನ್ನು ತರುವುದು ಅಮ್ಮನ ಹಕ್ಕು. ಮನೆಯಲ್ಲಿ ಬೇರೆ ಯಾರೂ ಆ ಕಡೆ ತಲೆ ಹಾಕುವಂತಿಲ್ಲ. ಬೀದಿಯೆಲ್ಲ ಸಾಲಿನಲ್ಲಿ ನಿಂತಿತ್ತು. ಅಮ್ಮ ಬಲಗೈ ಹೆಬ್ಬೆಟ್ಟನ್ನು ಯಂತ್ರದ ಮೇಲಿಟ್ಟಳು. ಯಂತ್ರ ಒಪ್ಪಲಿಲ್ಲ. ಸೆರಗಿಗೆ ಒರೆಸಿ ಇಟ್ಟಳು. ಊಹೂಂ.

"ರೇಗೈ ವಿಳಲ ಪಾಟಿ!" ಎಂದ ಅಂಗಡಿಯವನು. ರೇಖೆ ಬೀಳುತ್ತಿಲ್ಲ ಅಜ್ಜಿ, ಎಂದು. ಹೆಬ್ಬೆಟ್ಟು ಒಣಗಿ, ಸಿಪ್ಪೆ ಎದ್ದು, ಬಿರುಕು ಬಿಟ್ಟು, ಗೆರೆಗಳೇ ಅಳಿಸಿಹೋಗಿದ್ದವು. ಚಳಿಗೆ ಆ ಕೈಯ ಉಳಿದ ಬೆರಳುಗಳೂ ಕೈಕೊಟ್ಟವು.

"ಎಡಗೈ ಇಟ್ಟು ನೋಡಿ" ಎಂದು ಹಿಂದಿನಿಂದ ಯಾರೋ ಅಂದರು.

"ಹಬ್ಬದ ಸಾಮಾನಿಗೆ ಎಡಗೈ ಒತ್ಲಾ? ನಿಮ್ಮನೇಲಿ ಒತ್ತುತಾರಾ?" ಎಂದು ಅಮ್ಮ ತಿರುಗಿಬಿದ್ದಳು.

ಕೊನೆಗೆ ನಾನು ಹೋಗಿ ನನ್ನ ಹೆಬ್ಬೆಟ್ಟು ಒತ್ತಿದೆ. ಕಬ್ಬು ಬಂತು. ಅಮ್ಮ ಅದನ್ನು ಮುಟ್ಟಲಿಲ್ಲ.

"ಇಲ್ಲೇ ನಿಂತಿದೀನಿ, ನಾನು ನಾನಲ್ಲ ಅಂತದಲ್ಲಾ ಅದು! ಅದೂ ಬೀದಿ ಜನದ ಮುಂದೆ! ನಿನ್ನ ಬೆಟ್ಟಲ್ಲಿ ಬಂದ ಕಬ್ಬು ನಂಗ್ಯಾಕ್ಲಾ?"

ಅವತ್ತಿನಿಂದ ಅಮ್ಮ ಆ ಅಂಗಡಿಯ ಬೀದಿಯಲ್ಲೇ ನಡೆಯುವುದನ್ನು ಬಿಟ್ಟಳು. ಯಾರಾದರೂ ಬಂದರೆ ಬಲಗೈ ಸೆರಗಿನೊಳಗೆ ಹೋಗುತ್ತಿತ್ತು. ಮಾವ ಅದನ್ನು ನೋಡಿದರು. ಮರುದಿನವೇ ಹಜಾರದಲ್ಲಿ ಕೋರ್ಟು ಕೂತಿತು!

ನ್ಯಾಯಾಧೀಶರೂ ಅವರೇ, ವಕೀಲರೂ ಅವರೇ, ಬಾಗಿಲಲ್ಲಿ ನಿಂತು ಹೆಸರು ಕೂಗುವ ಡವಾಲಿಯೂ ಅವರೇ. "ಸೋಪೂ! ಸೋಪೂ! ಸೋಪೂ!" ಎಂದು ಬಚ್ಚಲ ಬಾಗಿಲಲ್ಲಿ ಕೂಗಿದರು. ಎದುರು ಮನೆಯವರು ನಮ್ಮಲ್ಲಿ ಸೋಪು ಖರ್ಚಾಗಿದೆ ಎಂದುಕೊಂಡು ಒಂದನ್ನು ಕೊಟ್ಟುಹೋದರು. ಒಂದನೇ ಆರೋಪಿ ಸೋಪು, ಚರ್ಮದ ಎಣ್ಣೆ ಕದ್ದ ಅಪರಾಧಕ್ಕೆ ಗಡೀಪಾರಾಯಿತು. ಬದಲಿಗೆ ಕಡಲೆ ಹಿಟ್ಟು ಬಂತು. ಮನೆಮಂದಿಯೆಲ್ಲ ಮೈಗೆ ಕಡಲೆ ಹಿಟ್ಟು ಬಳಿದುಕೊಂಡು ಸ್ನಾನ ಮಾಡಿದೆವು. ಬಚ್ಚಲ ತೂಬು ಕಟ್ಟಿಕೊಂಡಿತು.

"ಮಾವ, ಒಂದಿಷ್ಟು ಎಣ್ಣೆ ಕಾಯಿಸಿ ಹುಯ್ದರೆ ಬಚ್ಚಲಲ್ಲೇ ಬೋಂಡ ಬೇಯ್ತವೆ" ಎಂದಳು ನನ್ನ ಹೆಂಡತಿ.

"ಸಾಕ್ಷಿದಾರರು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಬೇಕು" ಎಂದರು ಮಾವ.

ಎರಡನೇ ಆರೋಪಿ ಬಿಸಿನೀರು. ಅಮ್ಮನಿಗೆ ಮೈ ಕೆಂಪಾಗುವಷ್ಟು ಸುಡುನೀರು ಬೇಕು. ನನ್ನ ವಿದ್ಯೆ ಸುಮ್ಮನಿರಲಿಲ್ಲ. "ಮಾವ, ಹೀಗೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಏನೂ ಸಾಬೀತಾಗಲ್ಲ. ಒಂದಕ್ಕೆ ಮದ್ದು ಮಾಡ್ಬೇಕು, ಅಂಥದ್ದೇ ಇನ್ನೊಂದನ್ನ ಹಾಗೇ ಬಿಡ್ಬೇಕು, ಹೋಲಿಸ್ಬೇಕು" ಎಂದೆ.

"ಹಂಗಾದ್ರೆ ದೇವರು ಎರಡು ಕಾಲು ಯಾಕ್ ಕೊಟ್ಟವ್ನೆ ಎಮ್ಮೆಸ್ಸಿ?" ಎಂದರು ಮಾವ. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದೇ ಇಲ್ಲ.

ಅಂದಿನಿಂದ ಮಾವನ ಎಡಗಾಲಿಗೆ ಸುಡುನೀರು, ಬಲಗಾಲಿಗೆ ಉಗುರುಬೆಚ್ಚಗಿನ ನೀರು. ಆಮೇಲೆ ಬಲಗಾಲಿಗೆ ಹರಳೆಣ್ಣೆ, ಎಡಗಾಲಿಗೆ ಏನೂ ಇಲ್ಲ. ಆಮೇಲೆ ಲೋಳೆಸರ, ಹಾಲಿನ ಕೆನೆ. ಪಂಚೆ ಎತ್ತಿ ಕಟ್ಟಿ ಬಸ್ ಸ್ಟ್ಯಾಂಡಿನ ಕಡೆ ನಡೆದರೆ ಒಂದು ಕಾಲು ಎಣ್ಣೆ ಹಾಕಿದ ಕಂಬದಂತೆ ಮಿಂಚುತ್ತಿತ್ತು, ಇನ್ನೊಂದು ಬೂದಿ ಬಳಿದ ಹಾಗೆ ಬೆಳ್ಳಗಿತ್ತು. ಎರಡೂ ಒಬ್ಬರವೇ ಎಂದು ನಂಬುವುದು ಕಷ್ಟವಾಗಿತ್ತು.

ಬೇಸಿಗೆ ಬಂತು. ಕೃಷ್ಣಗಿರಿಯಿಂದ ಮಾವಿನಹಣ್ಣು ಬಂತು. ಬಲಗಾಲಿಗೆ ಮಾವಿನ ತಿರುಳು ಬಳಿದುಕೊಂಡು ಮಾವ ಮನೆ ಮುಂದೆ ಬಿಸಿಲು ಕಾಯುತ್ತ ಕೂತಿದ್ದರು. ಬೀದಿಯಲ್ಲಿ ಹೋಗುತ್ತಿದ್ದ ಹಸುವೊಂದು ನಿಂತು, ಮೂಸಿ, ಮೀನಖಂಡವನ್ನು ನೆಕ್ಕತೊಡಗಿತು. ಬೇರೆ ಯಾರಾದರೂ ಓಡಿಸುತ್ತಿದ್ದರು. ಮಾವ ಕಾಲು ಮುಂದೆ ಚಾಚಿದರು! ಹಸು ಹೋದ ಮೇಲೆ ಉಗುರಿನಿಂದ ಗೆರೆ ಎಳೆದು ನೋಡಿ, "ಬಿಳಿ ಇಲ್ಲ ಕಣ್ಲಾ! ತಿರುಳಿನ ಗುಣವೋ, ನಾಲಿಗೆ ಗುಣವೋ?" ಎಂದು ಚಿಂತೆಗೆ ಬಿದ್ದರು. ನಾಲಿಗೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕೆಂದು ಹೊರಟವರನ್ನು ಅಮ್ಮ ತಡೆದಳು. "ಲೋ, ನನ್ನ ಬೆಟ್ಟಿಗೆ ಹಸು ನಾಲಿಗೆ ತಾಗಿಸ್ದೆ ಅಂದ್ರೆ ನಾನು ನಿಂಗೆ ಅಕ್ಕನೇ ಅಲ್ಲ!"

ಕಡೆಗೆ ಗೆದ್ದದ್ದು ಗುಮ್ಮಳಾಪುರದ ಕಡೆಯಿಂದ ತರಿಸಿದ ಹುಚ್ಚೆಳ್ಳೆಣ್ಣೆ. ಸ್ನಾನವಾಗಿ ಮೈ ಒದ್ದೆಯಿರುವಾಗಲೇ ಅದನ್ನು ಸವರಬೇಕು ಎಂಬುದು ಮಾವನ ತೀರ್ಪು. ವಾಸನೆಗೆ ನಮ್ಮ ಮನೆ ಗಾಣದಂತಾಯಿತು, ನಿಜ. ಆದರೆ ಅಮ್ಮನ ಕಾಲಿನ ಹೊಟ್ಟು ಉದುರುವುದು ನಿಂತಿತು, ಮೊಣಕೈ ನುಣುಪಾಯಿತು, ಬೆರಳುಗಳು ಮೆತ್ತಗಾದವು. ಬಲಗೈ ಹೆಬ್ಬೆಟ್ಟು ಮಾತ್ರ ಇದ್ದ ಹಾಗೇ ಇತ್ತು.

"ಬೇರೆ ಬೆರಳು ಸರಿಹೋಯ್ತಲ್ಲಮ್ಮಾ, ಅದನ್ನೇ ಇಟ್ಟರಾಯ್ತು" ಎಂದೆ.

"ಬೇಡ ಅಂದಿದ್ದು ಈ ಬೆಟ್ಟನ್ನ. ಹೂಂ ಅನ್ಬೇಕಾದ್ದೂ ಈ ಬೆಟ್ಟಿಗೇ!"

ಮಾವ ಅಕ್ಕನ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಅದೇ ನೀರು, ಅದೇ ಎಣ್ಣೆ, ಅದೇ ಗಾಳಿ. ಎಡಗೈ ನಿರಪರಾಧಿ. ಒಂದೇ ಬೆಟ್ಟು ಒಣಗ್ತದೆ ಅಂದ್ರೆ ಆ ಬೆಟ್ಟು ಬೇರೆಯವು ಮಾಡದ್ದೇನೋ ಮಾಡ್ತಾ ಅದೆ. ಅಕ್ಕಯ್ಯ, ಇವತ್ತಿಂದ ನಿನ್ನ ಬೆಟ್ಟಿನ ಮೇಲೆ ನಿಗಾ!"

ನಿಗಾ ಬಹಳ ಹೊತ್ತು ನಡೆಯಲಿಲ್ಲ. ಊಟ ಮುಗಿಸಿದ ಅಮ್ಮ ಎಲೆಅಡಿಕೆ ತಟ್ಟೆ ಎಳೆದುಕೊಂಡು, ವೀಳ್ಯದೆಲೆ ತೊಡೆಯ ಮೇಲೆ ಒರೆಸಿ, ಡಬ್ಬಿಯಿಂದ ಸುಣ್ಣ ತೆಗೆದು ಹೆಬ್ಬೆಟ್ಟಿನಿಂದ ಎಲೆಯ ಬೆನ್ನಿಗೆ ಸವರಿದಳು. ಊಟಕ್ಕೊಂದು ಎಲೆ, ಕಾಫಿಗೊಂದು, ಬೇಜಾರಿಗೊಂದು, ಬೇಜಾರು ಹೋದ ಖುಷಿಗೊಂದು. ವರ್ಷಗಟ್ಟಲೆಯಿಂದ ಆ ಬೆರಳು ಸುಣ್ಣದಲ್ಲೇ ಬಾಳುತ್ತಿತ್ತು!

"ಕ್ಷಾರ!" ಎಂದು ನಾನು ಕೂಗಿದೆ. "ಸುಣ್ಣ!" ಎಂದು ಮಾವ ಕೂಗಿದರು. ಯಾರು ಮೊದಲು ಕೂಗಿದ್ದು? ನಾನೇ ಎಂದು ನನಗೆ ಚೆನ್ನಾಗಿ ನೆನಪಿದೆ. ತಾವೇ ಎಂದು ಮಾವ. "ನಾನು ಹೋದ ತಿಂಗಳೇ ಹೇಳಿದ್ದೆ, ನೀವಿಬ್ಬರೂ ಹಸು ವಿಷಯ ಮಾತಾಡ್ತಿದ್ರಿ" ಎಂದು ನನ್ನ ಹೆಂಡತಿ. ಇತಿಹಾಸ ಬರೆಯುವುದು ಎಷ್ಟು ಕಷ್ಟ ನೋಡಿ!

ಆದರೆ ಆ ಸುಣ್ಣವನ್ನು ಮನೆಗೆ ತರುತ್ತಿದ್ದವರು ಯಾರು? ಕೃಷ್ಣಗಿರಿಗೆ ಹೋದಾಗಲೆಲ್ಲ, ಅಕ್ಕಯ್ಯನಿಗೆ ಅಲ್ಲಿನ ಸುಣ್ಣವೇ ರುಚಿ ಎಂದು, ಹುಡುಕಿ ತರುತ್ತಿದ್ದವರು? ಮಾವ ಎದ್ದು ನಿಂತು, ಬಾಗಿಲಿಗೆ ಹೋಗಿ, ತಮ್ಮ ಹೆಸರನ್ನು ತಾವೇ ಕೂಗಿಕೊಂಡರು. ಒಳಗೆ ಬಂದು ಕೈಕಟ್ಟಿ ನಿಂತರು.

"ಎಲೆ ಬಿಟ್ಬುಡು ಅಕ್ಕಯ್ಯ."

"ಊಟ ಬೇಕಾರೆ ಬಿಡ್ತೀನಿ."

ಕಡ್ಡಿಯಲ್ಲಿ ಸುಣ್ಣ ಹಚ್ಚಿ ನೋಡಿದರು. ಅದು ಒಂದೇ ಕಡೆ ಗಡ್ಡೆಕಟ್ಟಿ ಅಮ್ಮನ ನಾಲಿಗೆ ಸುಟ್ಟಿತು. ಚಮಚದಲ್ಲಿ ಹಚ್ಚಹೋದರೆ, "ಎಲೆಗೆ ಸುಣ್ಣ ಹಚ್ತೀಯೋ, ಗೋಡೆಗೆ ಬಳೀತೀಯೋ?" ಎಂದು ಬೈಸಿಕೊಂಡರು. ಕಡೆಗೆ ಮಾವ, "ಸರಿ, ಆರೋಪಿಗೆ ಶಿಕ್ಷೆ ಆಯ್ತು. ಇನ್ಮೇಲೆ ಎಲೆ ನಾನೇ ಮಡಿಸಿಕೊಡ್ತೀನಿ. ನೀನು ಬೆಟ್ಟಿಗೆ ಎಣ್ಣೆ ಹಾಕ್ಕೊಂಡು ಮಹಾರಾಣಿ ಹಂಗೆ ಕೂತ್ಕೊ" ಎಂದರು. ನಾವೆಲ್ಲ ನಕ್ಕೆವು. ಅದನ್ನು ನಾನು ಅಲ್ಲೇ ಮರೆತೆ.

ಅಮ್ಮನ ಹೆಬ್ಬೆಟ್ಟು ನಿಧಾನವಾಗಿ ಚಿಗುರಿತು. ಬಿರುಕು ಕೂಡಿತು, ಸಿಪ್ಪೆ ಹೋಯಿತು. ಒಂದು ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ರಂಗೋಲಿಯಂತೆ ಸುತ್ತು ಸುತ್ತು ಗೆರೆಗಳು!

ಈ ವರ್ಷದ ಸಂಕ್ರಾಂತಿ ಬಂತು. ಅಮ್ಮ ರೇಷ್ಮೆ ಸೀರೆ ಉಟ್ಟು ರೇಷನ್ ಅಂಗಡಿಗೆ ಹೊರಟಳು. ಹಿಂದೆ ಮಾವ, ಅವರ ಹಿಂದೆ ನಾನು, ನನ್ನ ಹೆಂಡತಿ. ಸಾಲಿನಲ್ಲಿದ್ದವರಿಗೆಲ್ಲ ಸಂಗತಿ ಗೊತ್ತಿತ್ತು. ಎಲ್ಲರ ಮುಂಗೈಯನ್ನೂ ಮಾವ ಕೆರೆದಿದ್ದರಲ್ಲ! ಅಮ್ಮ ಯಂತ್ರದ ಮುಂದೆ ನಿಂತಳು. ಮಾವ ಕತ್ತು ಎತ್ತಿ, "ಅಕ್ಕಯ್ಯನ ಹೆಬ್ಬೆಟ್ಟೂ! ಅಕ್ಕಯ್ಯನ ಹೆಬ್ಬೆಟ್ಟೂ! ಅಕ್ಕಯ್ಯನ ಹೆಬ್ಬೆಟ್ಟೂ!" ಎಂದು ಕೂಗಿದರು. ಅಮ್ಮ ಬೆರಳಿಟ್ಟಳು. ಯಂತ್ರ ಒಂದು ಗಳಿಗೆ ಯೋಚಿಸಿತು. ಟಿಂಗ್!

"ವಿಳುಂದಿಡ್ಚಿ ಪಾಟಿ!" ಎಂದು ಅಂಗಡಿಯವನೇ ಎದ್ದು ನಿಂತ. ಬಿತ್ತು, ರೇಖೆ ಬಿತ್ತು! ಸಾಲು ಚಪ್ಪಾಳೆ ತಟ್ಟಿತು. ಇಡೀ ಬೀದಿ ಚಪ್ಪಾಳೆ ತಟ್ಟಿತೆಂದು ನನ್ನ ನೆನಪು. ಇದನ್ನು ಮಾತ್ರ ನಾನು ಯಾರ ಹತ್ತಿರವೂ ಕೇಳಿ ಖಚಿತಪಡಿಸಿಕೊಳ್ಳುವುದಿಲ್ಲ. ಅಮ್ಮ ಕಬ್ಬನ್ನು ನೆಟ್ಟಗೆ ಬಾವುಟದಂತೆ ಹಿಡಿದುಕೊಂಡಳು. ನಾನು ಕೈ ಚಾಚಿದರೆ, "ಮುಟ್ಬೇಡ! ನನ್ನ ಬೆಟ್ಟಿನ ಕಬ್ಬು!" ಎಂದಳು.

ಮುಂದಿನ ಸರದಿ ಮಾವನದು. ಕಾರ್ಡು ಬೇರೆಯಲ್ಲವೇ? ಅವರು ಹೆಬ್ಬೆಟ್ಟಿಟ್ಟರು. ಟಿಂಗ್ ಬರಲಿಲ್ಲ. ಪಂಚೆಗೆ ಒರೆಸಿ ಇಟ್ಟರು. ಊಹೂಂ.

"ತಾತಾ, ರೇಗೈ ವಿಳಲ!"

ಸಾಲೆಲ್ಲ ನಕ್ಕಿತು. ಊರಿನ ಚರ್ಮಕ್ಕೆಲ್ಲ ತೀರ್ಪು ಕೊಟ್ಟವರ ಬೆರಳೇ ಒಣಗಿದೆ! ನಾನೂ ನಕ್ಕೆ. ಮಾವ ನಗುತ್ತಲೇ ಕೈಯನ್ನು ಪಂಚೆಯ ಮಡಿಕೆಯೊಳಗೆ ಸರಿಸಿದರು. ಅಮ್ಮ ನಗಲಿಲ್ಲ. ಕಬ್ಬನ್ನು ನನ್ನ ಕೈಗೆ ಕೊಟ್ಟು, ತಮ್ಮನ ಕೈ ಹೊರಗೆಳೆದು, ಹೆಬ್ಬೆಟ್ಟಿನ ಮೇಲೆ ಉಗುರಿನಿಂದ ಒಂದು ಗೆರೆ ಎಳೆದಳು. ಬೆಳ್ಳಗೆ ಎದ್ದಿತು.

"ಇದೇನ್ಲಾ ಇದು?"

"ಚಳಿ ಕಣಕ್ಕಯ್ಯ."

"ಚಳಿ ಒಂದೇ ಬೆಟ್ಟಿಗೆ ಬತ್ತದಾ?"

ಜೀವಮಾನವೆಲ್ಲ ಕೋರ್ಟಿನಲ್ಲಿ ಪಾಟೀಸವಾಲು ಕೇಳಿದ ಮಾವ ಕೈ ಬಿಡಿಸಿಕೊಂಡು ಸಾಲಿನಿಂದ ಹೊರಗೆ ಬಂದರು.

ಮನೆಗೆ ಬಂದು ಊಟವಾದ ಮೇಲೆ ಅಮ್ಮ ಹುಚ್ಚೆಳ್ಳೆಣ್ಣೆ ಶೀಸೆ ತಂದು ಮಾವನ ಎದುರು ಕೂತಳು. "ಕೊಡ್ಲಾ ಕೈ" ಎಂದಳು. ಮಾವ ಕೊಟ್ಟರು. ಅಮ್ಮ ಆ ಬೆರಳನ್ನು ತಿಕ್ಕತೊಡಗಿದಳು. ಮೊಣಕೈಯಿಂದ ಎಲೆಅಡಿಕೆ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿದಳು.

ನಾನು ಓದಿದವನು. ರೇಷನ್ ಯಂತ್ರಕ್ಕೆ ಯಾವ ಬೆರಳು ಬೇಕೆಂದು ಬಲ್ಲವನು. ಎಲೆ ಒರೆಸಿ, ಸುಣ್ಣದ ಡಬ್ಬಿ ತೆಗೆದು, ಎಡಗೈ ಹೆಬ್ಬೆಟ್ಟನ್ನು ಅದರತ್ತ ಒಯ್ದೆ.

"ಬಲಗೈ ಕಣ್ಲಾ" ಎಂದಳು ಅಮ್ಮ, ತಲೆ ಎತ್ತದೆ.

ಬಲಗೈಯನ್ನೇ ಅದ್ದಿದೆ.