ಟಿಕಳಿ ಹಚ್ಚಿಕೊಂಡ ಕಂಪ್ಯೂಟರ್

ಎಲ್ಲರ ಕಿಸೆಯಲ್ಲೂ ಮೊಬೈಲ್ ಇರುವ ಕಾಲದಲ್ಲಿ ಒಬ್ಬ ಮನುಷ್ಯ ಕೈಯಾರೆ ಕಂಪ್ಯೂಟರ್ ಕಟ್ಟಲು ಕೂತರೆ, ನಗು ವಿಳಾಸ ಕೇಳಿಕೊಂಡು ಅವನ ಮನೆಗೆ ಬರುತ್ತದೆ. ಮುದ್ದೇಬಿಹಾಳದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ನನ್ನ ಮನೆಗೆ ವರ್ಷವಿಡೀ ಬಂತು. ನಾನು ಓದುವಾಗಿನ ಹಳೇ ಪ್ರೊಸೆಸರ್ ಒಂದನ್ನು ಹುಡುಕಿ ತಂದು, ಒಂದೇ ಬೋರ್ಡಿನ ಮೇಲೆ ಇಡೀ ಕಂಪ್ಯೂಟರ್ ಕಟ್ಟುವುದು ನನ್ನ ಹಟ. ಯುಗಾದಿಗೆ ಬರುವ ತನ್ನ ಅಣ್ಣನೆದುರು ಅದನ್ನು ನಡೆಸಿ ತೋರಿಸಬೇಕೆಂಬುದು ಹೆಂಡತಿಯ ಹಟ. ಅಣ್ಣನದು ಸಿಂದಗಿಯಲ್ಲಿ ಮೊಬೈಲ್ ಅಂಗಡಿ. “ನಮ್ಮನಿಯವ್ರು ಕೈಲೆ ಕಂಪ್ಯೂಟರ್ ಮಾಡ್ಯಾರ” ಎಂದು ಆಕೆ ಫೋನಿನಲ್ಲಿ ಹೇಳಿಯೂ ಆಗಿತ್ತು. ಹೀಗಾಗಿ ತವರಿನ ಮುಂದೆ ಅವಳ ಮರ್ಯಾದೆಯೂ ನನ್ನ ಕೈಯಲ್ಲಿತ್ತು.

ಕೂಡಿಸುವ ಕೆಲಸ

ಮಾರ್ಕೆಟ್ ಯಾರ್ಡಿನ ವ್ಯಾಪಾರಿ ಗೆಳೆಯರೊಬ್ಬರು ಬಂದು ವೈರುಗಳ ಗೊಂಚಲನ್ನು ದಿಟ್ಟಿಸಿದರು.

“ಏನ್ ಮಾಡ್ತೈತ್ರಿ ಇದು?”

“ಓಡಿದ್ರ ಮೊದಲ ಎರಡು ಅಂಕಿ ಕೂಡಸ್ತೈತ್ರಿ. ಮುಂದ ಕಳಿಯೂದು ಕಲಸ್ತೇನಿ.”

“ಅಷ್ಟಕ್ಕ ಒಂದು ವರ್ಷ ಬೇಕೇನ್ರಿ ಸರ? ಒಂದು ಕಪ್ ಚಾ ಕುಡಿಸಿದ್ರ ನಾನ ಕೂಡಿಸಿ ಹೇಳ್ತಿದ್ದೆ.”

ಚಾಚಾನ ಉತಾರ

ಸುದ್ದಿ ಓಣಿಯಲ್ಲಿ ಹಬ್ಬಿತು. ಮೂಲೆ ಮನೆಯ ಚಾಚಾ ಬಂದರು.

“ಸರ, ನಿಮ್ಮ ಕಂಪ್ಯೂಟರ್‌ನ್ಯಾಗ ನನ್ನ ಹೊಲದ ಪಹಣಿ ಉತಾರ ತಗದು ಕೊಡ್ರಿ.”

“ಚಾಚಾ, ಇದಕ್ಕ ಇಂಟರ್ನೆಟ್ ಇಲ್ರಿ.”

“ಹೋಗ್ಲಿ, ನಾಳೆ ಬರ್ಲೇನು?”

“ನಾಳೇನೂ ಆಗಂಗಿಲ್ರಿ.”

ಚಾಚಾ ತಲೆದೂಗಿದರು. “ಹಂಗಾರ ಇದು ಖರೇನ ಕಂಪ್ಯೂಟರ್ ಬಿಡ್ರಿ. ತಹಶೀಲ್ದಾರ ಆಫೀಸಿನ್ಯಾಗೂ ಹಿಂಗ ಹೇಳ್ತಾರ.”

ಬಿಸಿಲು ಮತ್ತು ಟಿಕಳಿ

ಪ್ರೋಗ್ರಾಂ ಕೂರುವ ಹಳೇ ಚಿಪ್‌ಗೆ ನೆತ್ತಿಯ ಮೇಲೊಂದು ಗಾಜಿನ ಕಿಟಕಿ. ತಪ್ಪು ಬರೆದರೆ ಅಳಿಸಲು ಅದರೊಳಗೆ ಕಡು ಬೆಳಕು ಬೀಳಬೇಕು. ಅದಕ್ಕೆಂದೇ ಒಂದು ದೀಪ ಸಿಗುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಬಿಸಿಲು ಕೊಂಡು ತರುವವನು ಹುಚ್ಚ. ಮಾಳಿಗೆಯ ಮೇಲೆ ಹೆಂಡತಿ ಹರವಿದ ಮೆಣಸಿನಕಾಯಿ, ಸಂಡಿಗೆಗಳ ಮಗ್ಗುಲಿಗೆ ಚಿಪ್‌ಗಳನ್ನೂ ಒಣಹಾಕುತ್ತಿದ್ದೆ. ಹೊಸ ಪ್ರೋಗ್ರಾಂ ತುಂಬಿದ ಮೇಲೆ ಬೆಳಕು ಹೋಗದಂತೆ ಕಿಟಕಿ ಮುಚ್ಚಬೇಕು. ಅದಕ್ಕೆ ಆಕೆ ಹಣೆಗೆ ಅಂಟಿಸಿಕೊಳ್ಳುವ ದೊಡ್ಡ ಟಿಕಳಿ ಹೇಳಿ ಮಾಡಿಸಿದಂತಿತ್ತು.

ಒಂದು ದಿನ ಖಾಲಿ ಟಿಕಳಿ ಪಾಕೀಟು ಹಿಡಿದುಕೊಂಡೇ ಬಂದಳು. “ನನ್ನ ಹಣಿಗಿ ಒಂದೂ ಇಲ್ಲ, ಇದಕ್ಕ ದಿನಾ ಹೊಸಾವು! ಇನ್ನ ಇದಕ್ಕ ಹಸರ ಬಳಿ ಇಡಸೂದು ಯಾವಾಗ್ರಿ?”

ಹಬ್ಬದ ದಿನ

ಹಬ್ಬಕ್ಕೆ ಇನ್ನೂ ದಿನ ಇರುವಾಗಲೇ ಕೊನೆಗೂ ಕಂಪ್ಯೂಟರ್ ಓಡಿತು. ಎರಡು ಮತ್ತು ಮೂರು ಕೊಟ್ಟೆ, ಕೆಂಪಗೆ ಐದು ಬೆಳಗಿತು. ಸುಳ್ಳೇಕೆ ಹೇಳಲಿ, ಕಣ್ಣು ತುಂಬಿ ಬಂತು. ಚಿಪ್ ಕಳಚಿ, ಟಿಕಳಿ ಸಮೇತ ಡಬ್ಬಿಯಲ್ಲಿಟ್ಟು, “ಭಾಳ ಜ್ವಾಕಿ” ಎಂದು ಹೆಂಡತಿಗೆ ಹೇಳಿ, ಪರೀಕ್ಷೆಯ ಕೆಲಸಕ್ಕೆ ಇಂಡಿಗೆ ಹೋಗಿ ಎರಡು ವಾರ ಉಳಿದೆ.

ಯುಗಾದಿಗೆ ಬಂದೆ. ಅಣ್ಣ ವಿಡಿಯೋ ಮಾಡಲು ಮೊಬೈಲ್ ಹಿಡಿದು ಕೂತಿದ್ದ. ಡಬ್ಬಿಯಿಂದ ಚಿಪ್ ತೆಗೆದೆ. ಟಿಕಳಿ ಮಿರಿಮಿರಿ ಮಿಂಚುತ್ತಿತ್ತು. ಚಿಪ್ ಕೂರಿಸಿ ಸ್ವಿಚ್ ಒತ್ತಿದೆ. ಕತ್ತಲೆ. ವೈರುಗಳನ್ನೆಲ್ಲ ಜಗ್ಗಿ ನೋಡಿ ಮತ್ತೆ ಒತ್ತಿದೆ. ಕತ್ತಲೆಯೇ. ಡಬ್ಬಿ ಕೈಗೆತ್ತಿಕೊಂಡೆ.

“ಈ ಡಬ್ಬಿ ಯಾರಾರ ಮುಟ್ಟೀರೇನು?”

“ಯಾರಿಗೂ ಮುಟ್ಟಗೊಟ್ಟಿಲ್ರಿ,” ಎಂದಳು ಹೆಂಡತಿ. “ನೀವು ಇರಲಿಲ್ಲಲ್ಲ, ಟಿಕಳಿ ಕಿತ್ತು ನಾನ ದಿನಾ ಬಿಸಲಿಗಿ ಹಾಕೇನಿ. ಎರಡೂ ಮಗ್ಗಲ ಹೊಳ್ಳಿಸಿ ಹೊಳ್ಳಿಸಿ ಒಣಸೇನಿ. ಇವತ್ತ ಹಬ್ಬ ಅಂತ ಹೊಸಾ ಟಿಕಳಿ ಹಚ್ಚೇನಿ.”

ಬಯ್ಯಲು ಹೊರಟವನು ಆಕೆಯ ಮುಖದ ಹಿಗ್ಗು ನೋಡಿ ಸ್ವಿಚ್ ಆರಿಸಿದೆ.

ಅಣ್ಣ ಮೊಬೈಲ್ ಕೆಳಗಿಳಿಸಿದ. “ಅಂದ್ರ ಈಗ ಅದರಾಗ ಏನೈತ್ರಿ?”

“ಏನೂ ಇಲ್ಲ,” ಎಂದೆ.

ಹೆಂಡತಿ ತಲೆಯೆತ್ತಿ ಹೆಮ್ಮೆಯಿಂದ ಹೇಳಿದಳು: “ಹೂಂ ಅಣ್ಣಾ, ಬೂಷ್ಟು ಸುದ್ದಾ ಇಲ್ಲ!”