ಅಲುಗಾಡದ ವಸ್ತುಗಳ ಇಲಾಖೆ

ವಿದ್ಯಾಧೀಶರಾಯರ ಮನೆಯಲ್ಲಿ ಒಂದು ವಾರದಿಂದ ಸಾರು ಕುದಿದಿರಲಿಲ್ಲ. ಕಾರಣ, ಮನೆ ಮುಂದೆ ನಿಂತಿದ್ದ ಲಾರಿ.

ಸಂಡೂರಿನ ಗುಡ್ಡದಿಂದ ಅದಿರು ತುಂಬಿಕೊಂಡು ಬಂದ ಆ ಟಿಪ್ಪರ್, ಪರ್ಮಿಟ್ ಸಿಗದೆ ಹೊಸಪೇಟೆಯ ಈ ಓಣಿಯಲ್ಲಿ ರಾಯರ ಮನೆಯ ಚರಂಡಿಗೆ ಮೈ ತಾಗಿಸಿ ನಿಂತುಬಿಟ್ಟಿತ್ತು. ಹೊದಿಸಿದ ತಾಡಪತ್ರಿ ಹರಿದಿತ್ತು. ಗಾಳಿ ಬೀಸಿದರೆ ಕೆಂಪು ಧೂಳು ನೇರವಾಗಿ ಮಾಳಿಗೆಗೆ. ಅಲ್ಲಿ ರಾಯರ ಹೆಂಡತಿ ರಾಧಾಬಾಯಿ ಒಣಹಾಕಿದ ಮಡಿಸೀರೆ. ಊರೆಲ್ಲ ತಿರುಗಿದ ಲಾರಿಯ ಧೂಳು ಬಿದ್ದ ಮೇಲೆ ಅದೆಂಥ ಮಡಿ ಎಂಬುದು ಆಕೆಯ ತೀರ್ಪು. ಮಡಿಯಿಲ್ಲದೆ ನೈವೇದ್ಯದ ಅಡಿಗೆಯಿಲ್ಲ, ನೈವೇದ್ಯವಿಲ್ಲದೆ ರಾಯರಿಗೆ ಊಟವಿಲ್ಲ. ಬೆಳಿಗ್ಗೆ ಮೊಸರವಲಕ್ಕಿ, ಮಧ್ಯಾಹ್ನ ಮೊಸರವಲಕ್ಕಿ. (ರುಚಿ ಬದಲಾಗಲೆಂದು ಒಮ್ಮೆ ಹಾಲವಲಕ್ಕಿ.)

ಲಾರಿ ಪಕ್ಕದ ಮನೆಯ ಪಂಪೇಶನದು. ಹೋಗಿ ಒಂದು ಮಾತು ಹೇಳಿ ಬನ್ನಿ, ಹುಡುಗ ಒಳ್ಳೆಯವನು ಎಂದು ರಾಧಾಬಾಯಿ ಮೊದಲ ದಿನವೇ ಹೇಳಿದ್ದಳು. ರಾಯರಿಗೆ ಅದು ಒಗ್ಗಲಿಲ್ಲ. ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಒತ್ತುವರಿ ತೆರವು ಮಾಡಿಸುತ್ತಲೇ ನಿವೃತ್ತರಾದ ಮನುಷ್ಯ ಅವರು. ಕಾಲುವೆ ದಂಡೆಯತ್ತ ಬಾಯ್ದೆರೆದಿದ್ದ ಈ ಓಣಿಯ ಹಿಂಬಾಗಿಲುಗಳನ್ನೆಲ್ಲ, ತಮ್ಮದನ್ನೂ ಸೇರಿಸಿ, ಇಟ್ಟಿಗೆಯಿಂದ ಮುಚ್ಚಿಸಿದ ಕೀರ್ತಿ ಅವರದು.

"ನಿಯಮ ಇರೋದ್ಯಾತಕ? ಕಂಡೋರಿಗೆ ಹಲ್ಲು ಗಿಂಜಾಕೇನು?" ಎಂದರು.

"ನಿಯಮದ ಮ್ಯಾಲ ಪಾತ್ರಿ ಇಟ್ರ ಸಾರು ಕುದೀತದೇನ್ರೀ?" ಎಂದಳು ರಾಧಾಬಾಯಿ.

ಮನೆ ಮುಂದಿನ ಒತ್ತುವರಿ ತೆರವು ಮಾಡಿಸಿ ಎಂದು ರಾಯರು ನಗರಸಭೆಗೆ ಅರ್ಜಿ ಕೊಟ್ಟರು. ಆಮೇಲೆ ದಿನಾ ಹೋಗಿ ಅಲ್ಲಿಯ ಬೆಂಚಿನ ಮೇಲೆ ಕೂತರು. ಊರಿನ ಜೆಸಿಬಿಗಳೆಲ್ಲ ಗಣಿ ಸೇರಿದ್ದ ಕಾಲ ಅದು. ಹಾಗಾಗಿ ಜೆಸಿಬಿ ಸಿಕ್ಕ ದಿನವೇ ಅಳೆಯುವುದು, ಅಳೆದ ಗಳಿಗೆಯಲ್ಲೇ ಒಡೆಯುವುದು ಅಲ್ಲಿಯ ಪದ್ಧತಿ. ಕೊನೆಗೊಂದು ಬೆಳಿಗ್ಗೆ ಮೇಸ್ತ್ರಿ ಕಾಳಪ್ಪ ಜೆಸಿಬಿ ಸಮೇತ ಓಣಿಗೆ ಬಂದ.

ಕಾಳಪ್ಪ ಕಣ್ಣಳತೆಯ ಮನುಷ್ಯ. ಓಣಿಯನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡಿ, ಎಲ್ಲ ಸರಿ ಇದೆ ಎಂದುಬಿಟ್ಟ. ರಾಯರು ಬಿಡಲಿಲ್ಲ. ಅಳತೆಯೆಂದರೆ ಮಧ್ಯರೇಖೆಯಿಂದ ಆಗಬೇಕು, ಕಾಲುವೆಯಾದರೂ ಅಷ್ಟೇ ರಸ್ತೆಯಾದರೂ ಅಷ್ಟೇ ಎಂದು ಸಣ್ಣದೊಂದು ಉಪನ್ಯಾಸ ಕೊಟ್ಟರು. ಟೇಪಿನ ತುದಿ ಕಸಿದುಕೊಂಡು, ಪಂಚೆ ಮೇಲೆತ್ತಿ ಕಟ್ಟಿ, ನಡುರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತರು. ಟೇಪು ಲಾರಿಯ ಹೊಟ್ಟೆಯ ಕೆಳಗೆ ತೂರಿ, ಚರಂಡಿ ದಾಟಿ, ರಸ್ತೆಯ ಗಡಿ ಮುಗಿಯುವಲ್ಲಿ ನಿಂತಿತು. ಅದು ನಿಂತದ್ದು ರಾಯರ ಮನೆಯ ಹೊಸ್ತಿಲಿಗೆ. ಮೆಟ್ಟಿಲುಗಳೆಲ್ಲ ಆಚೆಗೆ, ಅಂದರೆ ಸರ್ಕಾರದ ಜಾಗದಲ್ಲಿ ಉಳಿದವು.

"ಪಾವಟಿಗಿ ಪೂರಾ ರೋಡಿನ್ಯಾಗ ಐತ್ರಿ, ರಾಯರ," ಎಂದ ಕಾಳಪ್ಪ.

"ಮತ್ತ ಲಾರಿ?"

"ಲಾರಿ ಪೊಲೀಸ್ರದ್ರಿ. ಅಲುಗಾಡೋದೆಲ್ಲ ಅವ್ರಿಗೆ, ಅಲುಗಾಡ್ಲಾರದ್ದು ನಮಗ."

"ಇದನ್ನ ಮೊದಲೇ ಹೇಳಬಾರದಿತ್ತೇನಪ್ಪ?"

"ಹೇಳ್ತಿದ್ದೆ. ನೀವು ಭಾಳ ಉಮೇದಿಲೆ ಟೇಪು ಹಿಡಿದಿದ್ರಿ."

ಅರ್ಜಿ ಇದ್ದದ್ದು ರಾಯರ ಮನೆ ಮುಂದಿನ ಜಾಗಕ್ಕಷ್ಟೇ. ಉಳಿದವರ ಮೆಟ್ಟಿಲುಗಳನ್ನು ಯಾರೂ ಕೇಳಲಿಲ್ಲ. ಜೆಸಿಬಿಗೆ ದಾರಿ ಬೇಕೆಂದು ಪಂಪೇಶ ವಿನಯದಿಂದ ಲಾರಿಯನ್ನು ಹಿಂದೆ ತೆಗೆದುಕೊಟ್ಟ. ಕೆಲಸ ಮುಗಿದಾಗ, ಕಾಲುವೆ ನೀರು ನುಗ್ಗದಿರಲೆಂದು ರಾಯರ ತಂದೆ ಎದೆಯೆತ್ತರ ಕಟ್ಟಿಸಿದ್ದ ಅಡಿಪಾಯದ ಮೇಲೆ ಬಾಗಿಲೊಂದೇ ಉಳಿದಿತ್ತು, ಗೋಡೆಗೆ ಹಾಕಿದ ಫೋಟೋದಂತೆ. ಬಾಗಿಲಲ್ಲಿ ರಾಧಾಬಾಯಿ ನಿಂತಿದ್ದಳು.

ಆಗ ಪಂಪೇಶನೇ ಲಾರಿಯನ್ನು ಮತ್ತೆ ತಂದು ಬಾಗಿಲಿಗೆ ಇನ್ನಷ್ಟು ಒತ್ತಿ ನಿಲ್ಲಿಸಿದ. ಅದರ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು ಹಾಗೇ ಒಳಗೆ ದಾಟಿಬಿಡಿ ಎಂದ. ರಾಯರು ದಾಟಿದರು. ಅಂದೂ ಮೊಸರವಲಕ್ಕಿಯೇ.

ಮರುದಿನ ರಾಯರು ಅದೇ ದಾರಿಯಲ್ಲಿ ಇಳಿದು, ಮೆಟ್ಟಿಲು ಕಟ್ಟಿಕೊಳ್ಳಲು ಅನುಮತಿ ಕೇಳಲು ನಗರಸಭೆಗೆ ಹೋದರು. ರಸ್ತೆ ಮೇಲೆ ಕಟ್ಟಲು ಬರುವುದಿಲ್ಲ, ಬೇಕಾದರೆ ಮನೆಯನ್ನು ಒಳಗೆ ಕೊರೆದು ಕಟ್ಟಿಕೊಳ್ಳಿ ಎಂಬ ಸಲಹೆ ಸಿಕ್ಕಿತು. ಸುಡುಬಿಸಿಲಲ್ಲಿ ವಾಪಸು ಬಂದು ಓಣಿಗೆ ಕಾಲಿಟ್ಟರೆ, ಮೂಗಿಗೆ ಸಾರಿನ ಒಗ್ಗರಣೆ ಬಡಿಯಿತು. ಇಂಗು, ಕರಿಬೇವು. ರಾಯರ ನಡಿಗೆ ತಾನಾಗಿ ಚುರುಕಾಯಿತು.

ಮನೆ ಮುಂದೆ ಲಾರಿ ಇರಲಿಲ್ಲ.

ಶುಭ್ರವಾದ ಮಡಿಸೀರೆಯುಟ್ಟ ರಾಧಾಬಾಯಿ ಮೇಲೆ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಮಾಳಿಗೆಯಿಂದ ಬಗ್ಗಿ ಪಂಪೇಶನ ತಾಯಿ ಊರಮ್ಮನಿಗೆ ಸೀರೆಯ ಕಥೆ ಹೇಳಿದಳಂತೆ. ಕಾಲುಗಂಟೆಯಲ್ಲಿ ಪಂಪೇಶ ಲಾರಿ ತೆಗೆದುಕೊಂಡು ಹೋಗಿ ಸಂಡೂರು ರಸ್ತೆಯ ಬಯಲಲ್ಲಿ ನಿಲ್ಲಿಸಿದನಂತೆ.

"ಒಂದೇ ಮಾತಿಗೆ ಹೋದ ನೋಡ್ರಿ. ಬರ್ರಿ, ಎಲಿ ಹಾಕೀನಿ. ಸಾರು ಆರ್ತದ."

ರಾಯರು ಹೊಸ್ತಿಲಿಗೆ ಕೈಯೂರಿ ಹಾರಿದರು. ದೇಹ ಹಾರಲಿಲ್ಲ. ಊರಮ್ಮ ಕೊಟ್ಟ ಸ್ಟೂಲು ಒಡೆದ ಕಲ್ಲುಗಳ ಮೇಲೆ ನಿಲ್ಲಲಿಲ್ಲ.

"ಸ್ವಲ್ಪ ಕೈ ಕೊಡು," ಎಂದರು.

"ಮಡೀಲಿದ್ದೀನಿ, ಮುಟ್ಟಬ್ಯಾಡ್ರಿ."

ರಾಯರು ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಹಾಕಿಕೊಂಡು ಸಂಡೂರು ರಸ್ತೆಯ ಬಯಲಿನವರೆಗೂ ನಡೆದರು. ಪಂಪೇಶ ಲಾರಿಯ ನೆರಳಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದ. ರಾಯರು ಕೆಮ್ಮಿ, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು: "ಪಂಪೇಶ, ಲಾರೀನ ಸ್ವಲ್ಪ ನಮ್ಮನಿ ಮುಂದ ತಂದು ನಿಲ್ಲಸ್ತೀಯೇನಪ್ಪ?"

ಪಂಪೇಶ ಎದ್ದು ನಿಂತು, ಕೈ ಒರೆಸಿಕೊಂಡು, ತುಂಬ ಮರ್ಯಾದೆಯಿಂದ ಹೇಳಿದ:

"ತೆಗಿ ಅಂದೋರು ನಿಮ್ಮನಿ ಅಮ್ಮಾರು ರೀ. ತಾ ಅಂತ ಅವರೇ ಅನ್ನಬೇಕು."